ಕಸ್ಟಮ್ ಕೇಕ್‌ಗೆ ದರ ಕಟ್ಟುವುದು ಹೇಗೆ, ಗ್ರಾಹಕರನ್ನು ತಲುಪುವುದು ಹೇಗೆ? ಹೊಸ ಹೋಮ್ ಬೇಕರ್‌ನ ಪ್ರಶ್ನೆ

ಬೆಣ್ಣೆನಗರಿ ಬೇಕರ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಈ ವರ್ಷ ಮನೆಯಲ್ಲಿಯೇ ಕೇಕ್ ಮಾಡಿ ಮಾರಲು ಆರಂಭಿಸಿದ್ದೇನೆ. ಎಗ್‌ಲೆಸ್ ಕೇಕ್ ಮಾತ್ರ ಮಾಡುತ್ತೇನೆ. ಹುಟ್ಟುಹಬ್ಬ, ನಾಮಕರಣ, ಸೀಮಂತ, ಹಿರಿಯರ ಷಷ್ಟ್ಯಬ್ದಿ, ಹೀಗೆ ಮನೆಯ ಸಮಾರಂಭಗಳಿಗೆ ಅವರವರು ಕೇಳಿದ ವಿನ್ಯಾಸದಲ್ಲಿ ಮಾಡಿಕೊಡುತ್ತಿದ್ದೇನೆ. ದರ ನಿಗದಿ ಮಾಡುವಾಗ ನಮ್ಮ ರಸ್ತೆಯ ಬೇಕರಿಯಲ್ಲಿ ಎಷ್ಟಿದೆ ಎಂದು ನೋಡಿ, ಅದಕ್ಕೆ ಸ್ವಲ್ಪ ಸೇರಿಸಿ, ಒಂದು ಕೆಜಿಗೆ 650 ರೂಪಾಯಿ, ಅರ್ಧ ಕೆಜಿಗೆ 350 ರೂಪಾಯಿ ಎಂದು ಇಟ್ಟಿದ್ದೇನೆ. ವಿನ್ಯಾಸ ಯಾವುದಾದರೂ ಇದೇ ದರ.

ಆರ್ಡರ್‌ಗಳಿಗೆ ಕೊರತೆಯಿಲ್ಲ. ಶನಿವಾರ, ಭಾನುವಾರ ಅಡುಗೆಮನೆಯಿಂದ ಹೊರಬರಲು ಆಗುವುದಿಲ್ಲ. ಆದರೆ ತಿಂಗಳ ಕೊನೆಗೆ ಸಾಮಾನಿನ ಅಂಗಡಿಯ ಬಾಕಿ ತೀರಿಸಿದ ಮೇಲೆ ಕೈಯಲ್ಲಿ ಉಳಿಯುವುದು ತೀರಾ ಕಡಿಮೆ. ಬಂದ ಆರ್ಡರ್‌ಗಳಲ್ಲಿ ಹೆಚ್ಚಿನವು ಬಂಧುಗಳು ಮತ್ತು ಅವರ ಪರಿಚಯದವರದೇ. ನನ್ನ ಪ್ರಶ್ನೆಗಳು ಎರಡು. ದರವನ್ನು ಯಾವ ಲೆಕ್ಕದಲ್ಲಿ ಕಟ್ಟಬೇಕು? ಜಾಹೀರಾತಿಗೆ ದೊಡ್ಡ ಮೊತ್ತ ಹಾಕದೆ ಪರಿಚಯದ ವಲಯದ ಆಚೆಗಿನ ಗ್ರಾಹಕರನ್ನು ತಲುಪುವುದು ಹೇಗೆ?

ಚಾಮುಂಡಿಪುರಂ ಓವನ್, ಮೈಸೂರು

ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರದ ಅರ್ಧ ಭಾಗ ಇದೆ. ಬೇಕರಿಯ ದರ ನೋಡಿ ಸ್ವಲ್ಪ ಸೇರಿಸಿದರೆ ಅದು ಬೇಕರಿಯವರ ಖರ್ಚಿನ ಲೆಕ್ಕವಾಗುತ್ತದೆಯೇ ಹೊರತು ನಿಮ್ಮ ಖರ್ಚಿನ ಲೆಕ್ಕವಾಗುವುದಿಲ್ಲ. ನಾನು ಹಲವು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ. ಕಸ್ಟಮ್ ಕೇಕ್‌ನಲ್ಲಿ ನಾವು ಮಾರುವುದು ಮುಖ್ಯವಾಗಿ ನಮ್ಮ ಗಂಟೆಗಳನ್ನು, ಆದ್ದರಿಂದ ದರವೂ ಗಂಟೆಯಿಂದಲೇ ಆರಂಭವಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒಂದು ಕೆಜಿ ಎಗ್‌ಲೆಸ್ ಚಾಕೊಲೇಟ್ ಕೇಕ್‌ನ ಉದಾಹರಣೆ ತೆಗೆದುಕೊಳ್ಳೋಣ. ನಾನು ಹಾಕುವ ಮೊತ್ತಗಳು ಲೆಕ್ಕ ತಿಳಿಯಲು ಮಾತ್ರ. ನಿಮ್ಮ ಊರಿನ ಬೆಲೆಗಳನ್ನು ನೀವೇ ತುಂಬಿಕೊಳ್ಳಿ. ಮೈದಾ, ಸಕ್ಕರೆ, ಕೋಕೋ, ಮೊಸರು, ಎಣ್ಣೆ ಎಲ್ಲ ಸೇರಿ 90 ರೂಪಾಯಿ, ವಿಪ್ಪಿಂಗ್ ಕ್ರೀಮ್ 90, ಚಾಕೊಲೇಟ್ ಮತ್ತು ಕ್ರೀಮ್ ಕರಗಿಸಿ ಮಾಡುವ ಗನಾಶ್‌ಗೆ ಚಾಕೊಲೇಟ್ 60, ಬಣ್ಣ ಮತ್ತು ಎಸೆನ್ಸ್ 20, ಬೋರ್ಡ್, ಡಬ್ಬಿ, ರಿಬ್ಬನ್, ಮೇಣದ ಬತ್ತಿ, ಚಾಕು ಎಲ್ಲ ಸೇರಿ 75, ಫಾಂಡಂಟ್ ಎಂಬ ಸಕ್ಕರೆ ಕಣಕದ ಗೊಂಬೆ ಅಥವಾ ಕೇಕ್ ಮೇಲೆ ಚುಚ್ಚುವ ಅಲಂಕಾರವಾದ ಟಾಪರ್‌ಗೆ 80. ಇಲ್ಲಿಗೆ 415 ಆಯಿತು. ವಿದ್ಯುತ್ತಿಗೆ 15, ಓಟಿಜಿ (ಮನೆಯ ವಿದ್ಯುತ್ ಓವನ್), ಬೀಟರ್, ಟಿನ್, ನಾಜಲ್‌ಗಳ ಸವಕಳಿಗೆ 30 ಎಂದು ಹಿಡಿದರೆ 460. ನೀವು 650ಕ್ಕೆ ಕೊಟ್ಟಾಗ ನಿಮಗೆ ಉಳಿಯುವುದು 190 ರೂಪಾಯಿ. ಈಗ ಸಮಯ ನೋಡಿ. ಸಾಮಾನು ತರುವುದು, ಹಿಟ್ಟು ಕಲಸಿ ಬೇಯಿಸುವುದು, ಆರಿಸಿ ಪದರ ಕತ್ತರಿಸುವುದು, ಕ್ರೀಮ್ ಹಚ್ಚುವುದು, ಅಲಂಕಾರ, ಪಾತ್ರೆ ತೊಳೆಯುವುದು, ಗ್ರಾಹಕರೊಂದಿಗೆ ವಾಟ್ಸ್‌ಆ್ಯಪ್‌ನಲ್ಲಿ ನಡೆಯುವ ಮಾತುಕತೆ ಎಲ್ಲ ಸೇರಿ ನಾಲ್ಕೂವರೆ ಗಂಟೆ ಎಂದಿಟ್ಟುಕೊಂಡರೆ ಗಂಟೆಗೆ ಸುಮಾರು 42 ರೂಪಾಯಿ ದುಡಿದಂತಾಯಿತು.

ಅರ್ಧ ಕೆಜಿಯದು ಇನ್ನೂ ಕಷ್ಟದ ಲೆಕ್ಕ. ಹಿಟ್ಟು ಮತ್ತು ಕ್ರೀಮ್ ಅರ್ಧವಾಗುತ್ತವೆ. ಆದರೆ ಗೊಂಬೆ ಅದೇ ಗೊಂಬೆ, ಡಬ್ಬಿ ಹೆಚ್ಚುಕಡಿಮೆ ಅದೇ ಬೆಲೆ, ಓವನ್ ಬಿಸಿಯಾಗುವ ಹೊತ್ತು ಅಷ್ಟೇ, ಹೆಸರು ಬರೆಯುವ ಹೊತ್ತೂ ಅಷ್ಟೇ. ಖರ್ಚು 320ರ ಹತ್ತಿರ ಬಂದು ನೀವು 350ಕ್ಕೆ ಕೊಟ್ಟರೆ ಮೂರೂಮುಕ್ಕಾಲು ಗಂಟೆಯ ದುಡಿಮೆಗೆ ಉಳಿದದ್ದು 30 ರೂಪಾಯಿ. ವಾರದ ಆರ್ಡರ್‌ಗಳಲ್ಲಿ ಅರ್ಧ ಕೆಜಿಯವೇ ಹೆಚ್ಚಾಗಿದ್ದರೆ ನಿಮ್ಮ ಹಣ ಎಲ್ಲಿಗೆ ಹೋಗುತ್ತಿದೆ ಎಂಬುದು ಇಷ್ಟರಿಂದಲೇ ತಿಳಿಯುತ್ತದೆ. ಆದ್ದರಿಂದ ಒಂದು ಕೆಜಿಯ ದರವನ್ನು ಎರಡರಿಂದ ಭಾಗಿಸಿ ಅರ್ಧ ಕೆಜಿಗೆ ಹೇಳುವುದನ್ನು ಮೊದಲು ನಿಲ್ಲಿಸಿ. ಅರ್ಧ ಕೆಜಿಗೆ ಸರಳ ಅಲಂಕಾರ ಮಾತ್ರ, ಗೊಂಬೆ ಬೇಕಿದ್ದರೆ ಕನಿಷ್ಠ ಒಂದು ಕೆಜಿ ಎಂಬ ನಿಯಮ ಇಟ್ಟುಕೊಳ್ಳಿ.

ನಿಮ್ಮ ಗಂಟೆಗೆ 120 ರೂಪಾಯಿ ಎಂದು ನೀವೇ ಕೂಲಿ ನಿಗದಿ ಮಾಡಿಕೊಂಡರೆ ಒಂದು ಕೆಜಿಗೆ 460ರ ಜೊತೆ 540 ಸೇರಿ 1000 ಆಗುತ್ತದೆ. ಅದರ ಮೇಲೆ ಶೇ 15ರಷ್ಟು ಲಾಭ ಇಟ್ಟರೆ 1150. ಕೂಲಿ ಬೇರೆ, ಲಾಭ ಬೇರೆ ಎಂಬುದನ್ನು ಮರೆಯಬೇಡಿ. ಕೂಲಿ ಮನೆಗೆ ಹೋಗುವ ಹಣ. ಹೊಸ ಟಿನ್ ಕೊಳ್ಳಲು, ಒಡೆದ ಕೇಕ್‌ನ ನಷ್ಟ ತುಂಬಲು, ಬೆಣ್ಣೆಯ ಬೆಲೆ ಏರಿದ ತಿಂಗಳು ದರ ಬದಲಿಸದೆ ಉಳಿಯಲು ಒದಗುವುದು ಲಾಭ.

ಟಿನ್‌ನ ಅಳತೆಯ ವಿಚಾರವನ್ನೂ ಹೇಳಿಬಿಡುತ್ತೇನೆ. ಆರು ಇಂಚಿನಿಂದ ಎಂಟು ಇಂಚಿಗೆ ಹೋದರೆ ಎರಡೇ ಇಂಚು ಹೆಚ್ಚಾದಂತೆ ಕಾಣುತ್ತದೆ. ಆದರೆ ಎತ್ತರ ಅಷ್ಟೇ ಇದ್ದರೂ ಹಿಟ್ಟು ಸುಮಾರು 1.8 ಪಟ್ಟು ಬೇಕು, ಏಕೆಂದರೆ ಹೋಲಿಸಬೇಕಾದದ್ದು ಅಳತೆಗಳ ವರ್ಗವನ್ನು, ಅಂದರೆ 6×6=36ನ್ನು 8×8=64ರೊಂದಿಗೆ. "ಸ್ವಲ್ಪ ದೊಡ್ಡದು ಮಾಡಿಕೊಡಿ" ಎಂದವರಿಗೆ ನೂರು ರೂಪಾಯಿ ಮಾತ್ರ ಹೆಚ್ಚು ಹೇಳಿದರೆ ಸಾಮಾನಿನ ಖರ್ಚೂ ಹುಟ್ಟುವುದಿಲ್ಲ.

ಹಾಸನ ಮೂಲದ ಬೇಕರಿಯವನು, ಬೆಂಗಳೂರು

ಮೇಲಿನ ಲೆಕ್ಕವನ್ನು ಅಂಗಡಿಯ ಕಡೆಯಿಂದಲೂ ನೋಡಬಹುದು. ನಮ್ಮದು ಅಯ್ಯಂಗಾರ್ ಬೇಕರಿ. ಬೆಂಗಳೂರಿನ ಇಂತಹ ಅನೇಕ ಬೇಕರಿಗಳಂತೆ ನಮ್ಮ ಕುಟುಂಬವೂ ಹಾಸನ ಜಿಲ್ಲೆಯ ಹಳ್ಳಿಯಿಂದ ಬಂದದ್ದು. ನಾವು ಮೊಟ್ಟೆಯಿಲ್ಲದ ಕೇಕನ್ನು ಅಗ್ಗವಾಗಿ ಕೊಡುವುದಕ್ಕೆ ಕಾರಣ ಕಳಪೆ ಸಾಮಾನು ಎಂದು ಕೆಲವು ಹೋಮ್ ಬೇಕರ್‌ಗಳು ಗ್ರಾಹಕರಿಗೆ ಹೇಳುವುದನ್ನು ಕೇಳಿದ್ದೇನೆ. ಅದು ಸರಿಯಲ್ಲ. ನಾವು ದೊಡ್ಡ ತಟ್ಟೆಗಳಲ್ಲಿ ಒಮ್ಮೆಗೇ ಹಲವು ಕೆಜಿ ಬೇಯಿಸುತ್ತೇವೆ, ಒಂದೇ ಬಣ್ಣದ ಕ್ರೀಮ್ ಕಲಸಿ ಸಾಲಾಗಿ ಇಟ್ಟ ಕೇಕ್‌ಗಳಿಗೆಲ್ಲ ಹಚ್ಚುತ್ತೇವೆ, ಮೈದಾ ಮತ್ತು ಸಕ್ಕರೆಯನ್ನು ಮೂಟೆಯ ಲೆಕ್ಕದಲ್ಲಿ ತರಿಸುತ್ತೇವೆ. ಜಾಮ್ ಹಚ್ಚಿ ಕೊಬ್ಬರಿ ತುರಿ ಉದುರಿಸಿದ ಹನಿ ಕೇಕ್ ನಮ್ಮಲ್ಲಿ ತಟ್ಟೆಗಟ್ಟಲೆ ತಯಾರಾಗುತ್ತದೆ. ಒಂದೊಂದು ತುಂಡಿನ ಮೇಲೆ ಬೀಳುವ ಕೂಲಿ ಬಹಳ ಕಡಿಮೆ.

ಆದರೆ ಒಬ್ಬ ಹುಡುಗನಿಗಾಗಿ ಅವನ ಸೈಕಲ್‌ನ ಆಕಾರವನ್ನೇ ಕೇಕ್ ಮೇಲೆ ಕೂರಿಸಿಕೊಡಿ ಎಂದರೆ ನಮ್ಮ ಅಂಗಡಿಯಲ್ಲಿ ಆಗುವುದಿಲ್ಲ. ಮಾಡಲು ಹೊರಟರೆ ಒಬ್ಬ ಕೆಲಸಗಾರ ಅರ್ಧ ದಿನ ಅದಕ್ಕೇ ನಿಲ್ಲಬೇಕು. ನೀವು ಬೇಕರಿಯ ಕೆಜಿ ದರದ ಪಕ್ಕದಲ್ಲಿ ನಿಂತು ಸ್ಪರ್ಧಿಸಬೇಡಿ. ನಾವು ಮಾಡಲಾಗದ ಕೆಲಸವನ್ನು ಮಾಡಿ, ಅದಕ್ಕೆ ತಕ್ಕ ದರ ಕೇಳಿ. ನಮ್ಮಲ್ಲಿಗೆ ಅಂತಹ ಕೇಕ್ ಕೇಳಿಕೊಂಡು ಬಂದವರನ್ನು ನಾವೇ ಹತ್ತಿರದ ಹೋಮ್ ಬೇಕರ್ ಬಳಿಗೆ ಕಳುಹಿಸುತ್ತೇವೆ. ನಿಮ್ಮ ರಸ್ತೆಯ ಬೇಕರಿಯವರೊಂದಿಗೂ ಒಮ್ಮೆ ಮಾತನಾಡಿ ನೋಡಿ.

ಬಿಸಿಲೂರು, ಕಲಬುರಗಿ

ಚಾಮುಂಡಿಪುರಂ ಮೇಡಂ ಅವರ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ನಮ್ಮ ಭಾಗದಲ್ಲಿ ಒಂದು ಕೆಜಿಗೆ 1150 ಎಂದರೆ ಹತ್ತರಲ್ಲಿ ಎಂಟು ಮಂದಿ ಮಾತು ಮುಂದುವರಿಸುವುದಿಲ್ಲ. ಮೈಸೂರು, ಬೆಂಗಳೂರಿನ ದರವನ್ನು ಎಲ್ಲ ಊರುಗಳಿಗೂ ಹೇಳಿದರೆ ಹೊಸಬರು ಆರ್ಡರ್‌ಗಳನ್ನು ಕಳೆದುಕೊಳ್ಳುತ್ತಾರೆ. ಇನ್ನೊಂದು ವಿಷಯವೆಂದರೆ ಬೇಸಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟಿದಾಗ ಕೇಕನ್ನು ದ್ವಿಚಕ್ರ ವಾಹನದ ಮೇಲೆ ಕೊಂಡೊಯ್ಯಲು ಆಗುವುದಿಲ್ಲ. ಆಟೋ ಅಥವಾ ಕಾರು ಬೇಕು, ಥರ್ಮೊಕೋಲ್ ಪೆಟ್ಟಿಗೆ, ಐಸ್ ಪ್ಯಾಕ್ ಬೇಕು. ತಲುಪಿಸುವ ಖರ್ಚನ್ನು ಕೇಕ್‌ನ ದರದೊಳಗೆ ಮುಚ್ಚಿಟ್ಟರೆ ದರ ಹೆಚ್ಚಾಗಿ ಕಾಣುತ್ತದೆ, ಹೇಳದೇ ಬಿಟ್ಟರೆ ನಷ್ಟವಾಗುತ್ತದೆ. ನಾನು ಅದನ್ನು ಬೇರೆ ಸಾಲಿನಲ್ಲಿ ಬರೆದು ತೋರಿಸುತ್ತೇನೆ. ಗ್ರಾಹಕರೇ ಬಂದು ತೆಗೆದುಕೊಂಡು ಹೋದರೆ ಆ ಸಾಲು ಇರುವುದಿಲ್ಲ. ಇದರಿಂದ ಹೆಚ್ಚಿನವರು ತಾವೇ ಬರುತ್ತಾರೆ.

ಚಾಮುಂಡಿಪುರಂ ಓವನ್, ಮೈಸೂರು

ಬಿಸಿಲೂರು ಅವರ ಆಕ್ಷೇಪಣೆ ನ್ಯಾಯವಾದದ್ದು. 1150 ಎಂಬುದು ಎಲ್ಲರಿಗೂ ಒಪ್ಪುವ ದರವೆಂದು ನಾನು ಹೇಳುವುದಿಲ್ಲ. ಊರು ಕೊಡಬಲ್ಲ ದರ 850 ಎಂದಾದರೆ ನಮ್ಮ ಕೂಲಿಯನ್ನು ಕತ್ತರಿಸುವ ಬದಲು ಆ ಕೇಕ್‌ಗೆ ಹಿಡಿಯುವ ಗಂಟೆಗಳನ್ನು ಕತ್ತರಿಸಬೇಕು ಎಂಬುದು ನನ್ನ ಮಾತು. ನಾಲ್ಕೂವರೆ ಗಂಟೆಯ ಕೆಲಸವನ್ನು ಎರಡೂವರೆ ಗಂಟೆಗೆ ಇಳಿಸುವ ದಾರಿಗಳಿವೆ.

ಎಂಟು ಹತ್ತು ಸಿದ್ಧ ವಿನ್ಯಾಸಗಳ ಒಂದು ಪಟ್ಟಿ ಮಾಡಿ, ಅವುಗಳಿಗೆ ಕಡಿಮೆ ದರ ಇಡಿ. ಪಟ್ಟಿಯ ಹೊರಗಿನದಕ್ಕೆ ಬೇರೆ ದರ. ಬಣ್ಣ ಮತ್ತು ಹೆಸರು ಮಾತ್ರ ಬದಲಾಗುವ ಕೇಕ್‌ನಲ್ಲಿ ಕೈ ಬಹಳ ಬೇಗ ಪಳಗುತ್ತದೆ. ಫಾಂಡಂಟ್ ಹೂವು, ಅಕ್ಷರಗಳನ್ನು ವಾರದ ಮಧ್ಯದಲ್ಲಿಯೇ ಮಾಡಿ ಒಣಗಿಸಿ ಡಬ್ಬಿಯಲ್ಲಿ ಇಡಬಹುದು. ಸ್ಪಂಜನ್ನು ಶುಕ್ರವಾರ ರಾತ್ರಿಯೇ ಒಟ್ಟಿಗೆ ಬೇಯಿಸಿ, ಬಿಗಿಯಾಗಿ ಸುತ್ತಿ ಫ್ರಿಜ್‌ನಲ್ಲಿ ಇಟ್ಟರೆ ಶನಿವಾರ ಪದರಗಳು ಪುಡಿಯಾಗದೆ ಕತ್ತರಿಸಲು ಬರುತ್ತವೆ. ಒಂದೇ ಕೇಕ್‌ಗಾಗಿ ಓವನ್ ಬಿಸಿ ಮಾಡುವುದು ತಪ್ಪುತ್ತದೆ. ಹೀಗೆ ಮಾಡಿದಾಗ 850ಕ್ಕೆ ಕೊಟ್ಟರೂ ನಿಮ್ಮ ಗಂಟೆಯ ಕೂಲಿ ಉಳಿಯುತ್ತದೆ.

ಲೆಕ್ಕಪತ್ರ, ಹುಬ್ಬಳ್ಳಿ

ನಾನು ತೆರಿಗೆ ಸಲಹೆಯ ಕೆಲಸ ಮಾಡುವವನು. ದರದ ಚರ್ಚೆಯಲ್ಲಿ ಬಿಟ್ಟುಹೋಗುವ ಕೆಲವು ವಿಷಯಗಳನ್ನು ಸೇರಿಸುತ್ತೇನೆ.

ಮನೆಯಲ್ಲಿ ಮಾಡಿ ಮಾರಿದರೂ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ನಿಮಗೆ ಅನ್ವಯಿಸುತ್ತದೆ. ಸಣ್ಣ ತಯಾರಕರು ಫಾಸ್ಕಾಸ್ ಎಂಬ ಸರ್ಕಾರಿ ಜಾಲತಾಣದಲ್ಲಿ ಅರ್ಜಿ ಹಾಕಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಪಡೆಯಬೇಕು. 2011ರ ನಿಯಮಗಳು ಇದಕ್ಕೆ ವರ್ಷಕ್ಕೆ 100 ರೂಪಾಯಿ ಶುಲ್ಕ ಇಟ್ಟಿದ್ದವು. ಮೊತ್ತ ಅಷ್ಟು ಸಣ್ಣದು. ಸಿಗುವ 14 ಅಂಕಿಯ ಸಂಖ್ಯೆಯನ್ನು ಡಬ್ಬಿಯ ಮೇಲೆ, ವಾಟ್ಸ್‌ಆ್ಯಪ್ ಕ್ಯಾಟಲಾಗ್‌ನಲ್ಲಿ ಹಾಕಿ. ಕಾನೂನು ಪಾಲಿಸಿದಂತಾಗುತ್ತದೆ, ಅಪರಿಚಿತ ಗ್ರಾಹಕರಿಗೆ ಧೈರ್ಯವನ್ನೂ ಕೊಡುತ್ತದೆ.

ಜಿಎಸ್‌ಟಿಯ ಬಗ್ಗೆ ಅನಗತ್ಯ ಭಯ ಬೇಡ. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ನೋಂದಣಿಯ ವಾರ್ಷಿಕ ವಹಿವಾಟಿನ ಮಿತಿ 40 ಲಕ್ಷ ರೂಪಾಯಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದಾಗ ಬೇಕರಿ ಮತ್ತು ಕಾಂಡಿಮೆಂಟ್ಸ್ ಅಂಗಡಿಯವರಿಗೂ ಅವು ತಲುಪಿದ್ದವು. ಅದರ ನಂತರ ಕೆಲವು ಹೋಮ್ ಬೇಕರ್‌ಗಳು ಫೋನ್‌ಪೇ ಬೇಡ, ನಗದು ಮಾತ್ರ ಕೊಡಿ ಎನ್ನಲು ಆರಂಭಿಸಿದರು. ಅದರ ಅಗತ್ಯವಿಲ್ಲ. ವ್ಯಾಪಾರಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇಟ್ಟುಕೊಂಡು, ಮನೆಯವರು ಕಳುಹಿಸುವ ಹಣ ಅದರಲ್ಲಿ ಬೆರೆಯದಂತೆ ನೋಡಿಕೊಂಡು, ಆರ್ಡರ್ ಪುಸ್ತಕ ಬರೆದರೆ ಸಾಕು. ನೋಂದಣಿಯಿಲ್ಲದವರು ಗ್ರಾಹಕರಿಂದ ಜಿಎಸ್‌ಟಿ ಎಂದು ಪ್ರತ್ಯೇಕವಾಗಿ ವಸೂಲಿ ಮಾಡುವಂತಿಲ್ಲ ಎಂಬುದೂ ನೆನಪಿರಲಿ.

ಗೃಹಜ್ಯೋತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರು ಬಹಳ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಮನೆಯ ಬಳಕೆ ಈಗಾಗಲೇ ಮಿತಿಯ ಹತ್ತಿರ ಇದ್ದರೆ ಓಟಿಜಿ ಮತ್ತು ಹೆಚ್ಚುವರಿ ಫ್ರಿಜ್ ಸೇರಿ ಅದನ್ನು ದಾಟಿಸುವುದು ಕಷ್ಟವಲ್ಲ. ಆಗ ಒಂದು ಕೇಕ್‌ಗೆ 15 ರೂಪಾಯಿ ವಿದ್ಯುತ್ ಎಂಬ ಅಂದಾಜು ಸಾಲುವುದಿಲ್ಲ. ಆರಂಭಿಸುವ ಮೊದಲಿನ ಬಿಲ್ಲನ್ನೂ ಈಗಿನದನ್ನೂ ಪಕ್ಕದಲ್ಲಿ ಇಟ್ಟು ವ್ಯತ್ಯಾಸವನ್ನು ಆ ತಿಂಗಳ ಕೇಕ್‌ಗಳಿಗೆ ಹಂಚಿ.

ತೂಕದ ಲೆಕ್ಕದಲ್ಲಿ ಮಾರುವವರು ಗಮನಿಸಬೇಕಾದದ್ದು: ಒಂದು ಕೆಜಿ ಎಂದರೆ ಬೋರ್ಡ್ ಮತ್ತು ಡಬ್ಬಿ ಬಿಟ್ಟು ಒಂದು ಕೆಜಿ.

ಮಲೆನಾಡಿನ ತಾಯಿ, ಶಿವಮೊಗ್ಗ

ನಾನು ಬೇಕರ್ ಅಲ್ಲ, ಗ್ರಾಹಕಿ. ಮಕ್ಕಳ ಹುಟ್ಟುಹಬ್ಬಕ್ಕೆ ಹೋಮ್ ಬೇಕರ್‌ಗಳಿಂದಲೇ ತರಿಸುತ್ತೇನೆ. ನಾನು ಹೆಚ್ಚು ಹಣ ಕೊಡಲು ಒಪ್ಪುವುದು ಕೇಕ್ ಒಳಗೆ ಏನಿದೆ ಎಂದು ಕೇಳಿದಾಗ ಸ್ಪಷ್ಟ ಉತ್ತರ ಸಿಕ್ಕರೆ ಮಾತ್ರ. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕ್ ಮಾದರಿಗಳ ಪೈಕಿ 12ರಲ್ಲಿ ಕೃತಕ ಬಣ್ಣಗಳು ಅಸುರಕ್ಷಿತ ಮಟ್ಟದಲ್ಲಿವೆ ಎಂದು ತಿಳಿಸಿತ್ತು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಹೆಸರುಗಳೂ ಆಗ ಸುದ್ದಿಯಲ್ಲಿದ್ದವು. ಅಂದಿನಿಂದ ಗಾಢ ಬಣ್ಣದ ಕೇಕ್ ಕಂಡರೆ ನಮ್ಮಂತಹ ತಾಯಂದಿರು ಹಿಂಜರಿಯುತ್ತೇವೆ. ನೀವು ಬಳಸುವ ಬಣ್ಣ ಯಾವುದು, ಕ್ರೀಮ್ ಹಾಲಿನದೋ ಅಲ್ಲವೋ, ಬೆಣ್ಣೆಯೋ ಮಾರ್ಗರಿನ್ನೋ ಎಂಬುದನ್ನು ದರಪಟ್ಟಿಯ ಕೆಳಗೆ ನಾಲ್ಕು ಸಾಲು ಬರೆದುಬಿಡಿ. ಗಾಢ ಕೆಂಪು ಕೇಳಿದವರಿಗೆ ಬೀಟ್‌ರೂಟ್‌ನಿಂದ ತಿಳಿ ಗುಲಾಬಿ ಮಾತ್ರ ಬರುತ್ತದೆ ಎಂದು ಮೊದಲೇ ಹೇಳಿದರೂ ನಾವು ಒಪ್ಪಿಕೊಳ್ಳುತ್ತೇವೆ.

ಕಡಲತೀರದ ಕುಸ್ವಾರ್, ಮಂಗಳೂರು

ಮಾರಾಟದ ಪ್ರಶ್ನೆಗೆ ನನ್ನ ಅನುಭವದಿಂದ ಉತ್ತರಿಸುತ್ತೇನೆ. ಬಂಧುಗಳ ಆಚೆ ಹೋಗಲು ಮೊದಲು ಬೇಕಾದದ್ದು ಚಿತ್ರಗಳು, ಅವು ನಿಮ್ಮದೇ ಕೇಕ್‌ನ ಚಿತ್ರಗಳಾಗಿರಬೇಕು. ಪಿಂಟರೆಸ್ಟ್‌ನಿಂದ ತೆಗೆದ ಚಿತ್ರವನ್ನು ಸ್ಟೇಟಸ್‌ಗೆ ಹಾಕಿದರೆ ಗ್ರಾಹಕರು ಅದನ್ನೇ ನಿರೀಕ್ಷಿಸುತ್ತಾರೆ. ಬೆಳಗಿನ ಹೊತ್ತು ಕಿಟಕಿಯ ಬಳಿ, ಒಂದೇ ಬಣ್ಣದ ಬಟ್ಟೆಯ ಮೇಲೆ ಇಟ್ಟು ತೆಗೆದರೆ ಫೋನಿನ ಕ್ಯಾಮೆರಾ ಸಾಕು. ಕತ್ತರಿಸಿದ ತುಂಡಿನ ಚಿತ್ರವನ್ನೂ ಗ್ರಾಹಕರಿಂದ ಕೇಳಿ ಪಡೆಯಿರಿ, ಏಕೆಂದರೆ ಕೊಳ್ಳುವವರಿಗೆ ಹೊರಗಿನ ಅಲಂಕಾರಕ್ಕಿಂತ ಒಳಗಿನ ಪದರ ಹೆಚ್ಚು ನಂಬಿಕೆ ತರುತ್ತದೆ. ಮಾಡುವ ಕೆಲಸವನ್ನೇ ವಿಡಿಯೊ ಮಾಡಿ ಇನ್‌ಸ್ಟಾಗ್ರಾಂನಲ್ಲಿ ಹಾಕಿ. ಫಾಂಡಂಟ್ ಗೊಂಬೆಯ ಕಣ್ಣು ಬಿಡಿಸುವ ಅರ್ಧ ನಿಮಿಷ ನೋಡಿದವರು ದರ ಏಕೆ ಇಷ್ಟು ಎಂದು ಕೇಳುವುದು ಬಹಳ ಕಡಿಮೆ.

ಗೂಗಲ್ ಮ್ಯಾಪ್‌ನಲ್ಲಿ ಸಿಗುವ ವ್ಯವಹಾರದ ಪ್ರೊಫೈಲ್‌ಗೆ ಹಣ ಕೊಡಬೇಕಿಲ್ಲ. ಮನೆಯ ವಿಳಾಸ ತೋರಿಸದೆ ನೀವು ಸೇವೆ ಕೊಡುವ ಪ್ರದೇಶವನ್ನು ಮಾತ್ರ ತೋರಿಸುವ ಅವಕಾಶವೂ ಅದರಲ್ಲಿದೆ. ಹೆಣ್ಣುಮಕ್ಕಳು ಒಬ್ಬರೇ ನಡೆಸುವ ಮನೆ ಉದ್ಯಮಕ್ಕೆ ಇದು ಮುಖ್ಯ. ಕೇಕ್ ತಲುಪಿದ ಮರುದಿನ, ಸಂತೋಷದ ಸಂದೇಶ ಬಂದ ಕೂಡಲೇ, ಅದೇ ಮಾತನ್ನು ಅಲ್ಲಿ ಬರೆಯುವಂತೆ ಕೇಳಿ.

ಕನ್ನಡದಲ್ಲಿ ಹೆಸರು ಬರೆಯುವುದನ್ನು ಚೆನ್ನಾಗಿ ಕಲಿಯಿರಿ. ಒತ್ತಕ್ಷರ ಇರುವ ಹೆಸರನ್ನು ಕ್ರೀಮ್‌ನಲ್ಲಿ ಸುಂದರವಾಗಿ ಬರೆಯಬಲ್ಲ ಬೇಕರ್‌ಗಳು ಪ್ರತಿ ಊರಿನಲ್ಲಿಯೂ ವಿರಳ. ಅಜ್ಜ ಅಜ್ಜಿಯರ ಸಮಾರಂಭಗಳಿಗೆ, ನವೆಂಬರ್ ಒಂದರ ರಾಜ್ಯೋತ್ಸವಕ್ಕೆ, ಶಾಲೆ ಮತ್ತು ಕಚೇರಿಗಳ ಕಾರ್ಯಕ್ರಮಗಳಿಗೆ ಇದರಿಂದಲೇ ಆರ್ಡರ್ ಬರುತ್ತದೆ. ಋತುವನ್ನೂ ನೋಡಿಕೊಳ್ಳಿ. ಆಷಾಢದಲ್ಲಿ ಶುಭಕಾರ್ಯಗಳು ಕಡಿಮೆ, ಆಗ ಹೊಸ ವಿನ್ಯಾಸ ಕಲಿತು ಚಿತ್ರ ತೆಗೆದಿಟ್ಟುಕೊಳ್ಳಿ. ಶ್ರಾವಣದಲ್ಲಿ ಮೊಟ್ಟೆ ಬಿಡುವ ಮನೆಗಳಿವೆ, ಎಗ್‌ಲೆಸ್ ಮಾತ್ರ ಎಂಬ ನಿಮ್ಮ ಮಾತನ್ನು ಆಗ ದೊಡ್ಡದಾಗಿ ಹೇಳಿ. ನಮ್ಮ ಕರಾವಳಿಯಲ್ಲಿ ಕ್ರಿಸ್‌ಮಸ್‌ನ ಕುಸ್ವಾರ್ ತಿಂಡಿಗಳ ಜೊತೆ ಪ್ಲಮ್ ಕೇಕ್‌ಗೆ ಬೇಡಿಕೆ ಇರುತ್ತದೆ. ಒಣಹಣ್ಣುಗಳನ್ನು ವಾರಗಳ ಮೊದಲೇ ನೆನೆಸಬೇಕಾದ್ದರಿಂದ ಆರ್ಡರನ್ನೂ ಮುಂಗಡವನ್ನೂ ನವೆಂಬರ್‌ನಲ್ಲಿಯೇ ಪಡೆಯುತ್ತೇನೆ. ಪ್ಲಮ್ ಕೇಕ್‌ಗೆ ಗೊಂಬೆಯಿಲ್ಲ, ಕ್ರೀಮ್ ಇಲ್ಲ, ಒಮ್ಮೆಗೇ ಹಲವನ್ನು ಬೇಯಿಸಬಹುದು. ಮನೆಯ ಓವನ್‌ನಲ್ಲಿ ಬೇಕರಿಯ ಅನುಕೂಲ ಸಿಗುವುದು ಇದೊಂದರಲ್ಲಿ.

ದೂರದ ಕನ್ನಡಿತಿ, ನ್ಯೂಜೆರ್ಸಿ

ಇಲ್ಲಿ ಮನೆಯಲ್ಲಿ ಬೇಯಿಸಿ ಮಾರಲು 2021ರ ಅಕ್ಟೋಬರ್‌ವರೆಗೆ ಅನುಮತಿಯೇ ಇರಲಿಲ್ಲ. ಈಗ ಪರವಾನಗಿ ಪಡೆದು ವರ್ಷಕ್ಕೆ 50,000 ಡಾಲರ್‌ವರೆಗೆ ಮಾರಬಹುದು, ಆದರೆ ಫ್ರಿಜ್‌ನಲ್ಲಿ ಇಡಬೇಕಾದ ಪದಾರ್ಥಗಳಿಗೆ ಅವಕಾಶವಿಲ್ಲ. ಕನ್ನಡ ಕೂಟದ ಮಕ್ಕಳ ಹುಟ್ಟುಹಬ್ಬಗಳಿಗೆ ಮಾಡುವಾಗ ತಾಜಾ ಕ್ರೀಮ್ ಕೇಳಿದವರಿಗೆ ಇಲ್ಲ ಎನ್ನಲೇಬೇಕು. ಅಲ್ಲಿ ನಿಮಗಿರುವ ಅವಕಾಶ ದೊಡ್ಡದು.

ಬೆಣ್ಣೆನಗರಿ ಬೇಕರ್, ದಾವಣಗೆರೆ

ಎಲ್ಲರ ಉತ್ತರಗಳನ್ನೂ ಓದಿ ಹೊಸ ದರಪಟ್ಟಿ ಬರೆದಿದ್ದೇನೆ. ಸಿದ್ಧ ವಿನ್ಯಾಸದ ಒಂದು ಕೆಜಿಗೆ 850, ಅವರೇ ಕೇಳಿದ ವಿನ್ಯಾಸಕ್ಕೆ 1100ರಿಂದ, ಅರ್ಧ ಕೆಜಿ ಸರಳ ಕೇಕ್‌ಗೆ 550, ತಲುಪಿಸುವ ಖರ್ಚು ಪ್ರತ್ಯೇಕ. ಈಗ ಉಳಿದಿರುವ ಆತಂಕ ಬಂಧುಗಳದು. 650ಕ್ಕೆ ಪಡೆದ ಚಿಕ್ಕಮ್ಮ, ಅತ್ತಿಗೆಯಂದಿರಿಗೆ ಮುಂದಿನ ಬಾರಿ 1100 ಎಂದು ಹೇಳುವುದು ಹೇಗೆ?

ಚಾಮುಂಡಿಪುರಂ ಓವನ್, ಮೈಸೂರು

ದರಪಟ್ಟಿ ಚೆನ್ನಾಗಿದೆ. ಹೊಸ ದರ ಯಾವ ದಿನಾಂಕದಿಂದ ಎಂದು ಒಂದು ತಿಂಗಳು ಮೊದಲೇ ಎಲ್ಲರಿಗೂ ಒಂದೇ ಸಂದೇಶ ಕಳುಹಿಸಿ. ಈಗಾಗಲೇ ಒಪ್ಪಿಕೊಂಡ ಆರ್ಡರ್‌ಗಳನ್ನು ಹಳೆಯ ದರಕ್ಕೇ ಮಾಡಿಕೊಡಿ. ಬಂಧುಗಳಿಗೆ ಬೇರೆ ಗುಟ್ಟಿನ ದರ ಬೇಡ, ಅದು ಒಬ್ಬರಿಂದ ಒಬ್ಬರಿಗೆ ತಲುಪಿ ಮನಸ್ತಾಪಕ್ಕೆ ಕಾರಣವಾಗುತ್ತದೆ. ಚಿಕ್ಕಮ್ಮನವರ ಮನೆಯ ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ನಿಮಗೆ ಮನಸ್ಸಿದ್ದರೆ ಇಡೀ ಕೇಕನ್ನೇ ಉಡುಗೊರೆಯಾಗಿ ಕೊಡಿ, ಬಿಲ್‌ನಲ್ಲಿ ಪೂರ್ತಿ ದರ ಬರೆದು ಉಡುಗೊರೆ ಎಂದು ನಮೂದಿಸಿ. ಮಾರುವಾಗ ಮಾತ್ರ ಎಲ್ಲರಿಗೂ ಒಂದೇ ದರ ಇರಲಿ. ಬಂಧುಗಳಿಂದಲೂ ಅರ್ಧ ಹಣವನ್ನು ಮುಂಗಡವಾಗಿ ಪಡೆಯಿರಿ, ಉಳಿದದ್ದನ್ನು ಕೇಕ್ ಕೈಗೆ ಕೊಡುವ ಮೊದಲು. ಮುಂಗಡ ಬಂದ ಮೇಲೆಯೇ ದಿನಾಂಕವನ್ನು ಆರ್ಡರ್ ಪುಸ್ತಕದಲ್ಲಿ ಬರೆಯಿರಿ. ಕೆಲವರು ಬಿಟ್ಟುಹೋಗುತ್ತಾರೆ, ಅವರು ಬಿಟ್ಟ ಶನಿವಾರಗಳಲ್ಲಿ ಪೂರ್ತಿ ದರದ ಆರ್ಡರ್‌ಗಳನ್ನು ತೆಗೆದುಕೊಳ್ಳಲು ನಿಮಗೆ ಜಾಗ ಇರುತ್ತದೆ. ಮೊದಲ ಮೂರು ತಿಂಗಳು ಪ್ರತಿ ಕೇಕ್‌ಗೆ ಹಿಡಿದ ಗಂಟೆಗಳನ್ನು ಬರೆದಿಟ್ಟು, 850ರ ಕೇಕ್‌ಗಳು ಎರಡೂವರೆ ಗಂಟೆಯೊಳಗೆ ಮುಗಿಯುತ್ತಿವೆಯೇ ಎಂದು ನೋಡಿ ಇಲ್ಲಿಯೇ ತಿಳಿಸಿ. ಮುಗಿಯದಿದ್ದರೆ ಯಾವ ವಿನ್ಯಾಸವನ್ನು ಪಟ್ಟಿಯಿಂದ ತೆಗೆಯಬೇಕೆಂದು ಒಟ್ಟಿಗೆ ನೋಡೋಣ.